ಪೆಂಗ್ವಿನ್ ಮರಿಗೆ ಚಳಿಗಿಂತ ನೀರೇ ಅಪಾಯ

ಚಳ್ಳಕೆರೆಯ ಗೆಳೆಯರೇ, ಅಂಟಾರ್ಟಿಕಾದ ಪೆಂಗ್ವಿನ್ ಮರಿಗಳು ಚಳಿಗೇ ಸಾಯುತ್ತವಾ ಎಂದು ಕೇಳಿದ್ದೀರಿ. ಬರೀ ಚಳಿಗೆ ಅಷ್ಟಾಗಿ ಇಲ್ಲ. ಒಣಗಿದ್ದರೆ ಅವುಗಳ ತುಪ್ಪಳ ಚಳಿ ತಡೆಯುತ್ತದೆ, ನೀರನ್ನು ಮಾತ್ರ ತಡೆಯುವುದಿಲ್ಲ. ಮಳೆಗೆ ಸಿಕ್ಕ ಕೋಳಿಮರಿ ಹೇಗೆ ಮುದುಡಿ ನಡುಗುತ್ತದೆ, ನಮ್ಮ ದುರ್ಗದ ಕಡೆ ನೋಡಿರುತ್ತೀರಿ ಅಲ್ವಾ? ಅಲ್ಲೂ ಹಾಗೇ. ಮಳೆ ಬಂದರೆ, ಹಿಮ ಕರಗಿ ಗೂಡಿಗೆ ನೀರು ನುಗ್ಗಿದರೆ ಮರಿ ಉಳಿಯೋದು ಕಷ್ಟ. ಅಡೇಲಿ ಪೆಂಗ್ವಿನ್‌ಗಳು ಸಣ್ಣ ಕಲ್ಲು ಗುಡ್ಡೆ ಹಾಕಿ ಗೂಡನ್ನು ಎತ್ತರಿಸುತ್ತವೆ, ಅದು ಸುಮ್ನೆ ಅಲ್ಲ.

ಆದರೆ ನನ್ನ ಪ್ರಕಾರ ದೊಡ್ಡ ವಿಷಯ ಊಟ. ಅಪ್ಪ, ಅಮ್ಮ ಸರದಿ ಮೇಲೆ ಸಮುದ್ರಕ್ಕೆ ಹೋಗಿ ಕ್ರಿಲ್ (ಸೀಗಡಿಯಂಥ ಪುಟ್ಟ ಕಡಲಜೀವಿ), ಮೀನು ತರಬೇಕು. ಕಡಲ ಮೇಲೆ ಮಂಜುಗಡ್ಡೆ ಜಾಸ್ತಿ ಹರಡಿದರೆ ದಾರಿ ದೂರ. ಅವು ಬರುವಷ್ಟರಲ್ಲಿ ಮರಿ ಸೊರಗಿರುತ್ತದೆ. ಅಂಟಾರ್ಟಿಕಾದ ಅಡೇಲಿ ಲ್ಯಾಂಡ್ ಎಂಬ ಭಾಗದಲ್ಲಿ, ಈ ಪೆಂಗ್ವಿನ್‌ಗಳ ಒಂದು ನೆಲೆಯಲ್ಲಿ 2013-14ರಲ್ಲಿ ಒಂದು ಮರಿಯೂ ಉಳಿಯಲಿಲ್ಲ. 2016-17ರಲ್ಲಿ ಸುಮಾರು 18,000 ಜೋಡಿಗಳಿಗೆ ಉಳಿದದ್ದು ಎರಡೇ ಮರಿ! ಓದಿದಾಗ ಕರುಳು ಚುರುಕ್ ಎಂದಿತು.

ಹಾಗಂತ ಮಂಜುಗಡ್ಡೆ ಇಲ್ಲದಿದ್ದರೂ ಆಗದು. ಕ್ರಿಲ್‌ನ ಎಳೆ ಮರಿಗಳು ಚಳಿಗಾಲದಲ್ಲಿ ಅದರ ಅಡಿಯ ಪಾಚಿಯನ್ನು ತಿಂದು ಬದುಕುತ್ತವೆ.