ಅದು ಬೇರೆ ವಿಷಯ ಅಂದರೆ ಹೇಗೆ?

ಪತ್ರ: ಸಂಪಾದಕರಿಗೆ ಸಲಾಂ. ರಂಜಾನ್‌ಗೆ ಇನ್ನು ಮೂರು ವಾರ ಇದೆ. ಈ ಸಲ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಳ್ಳಬೇಕು ಅಂತ ಒಂದು ಚಾರ್ಟ್ ಮಾಡಿದ್ದೇನೆ, ಜೆರಾಕ್ಸ್ ಇಟ್ಟಿದ್ದೇನೆ. ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಸೋಮವಾರ, ಗುರುವಾರ ಉಪವಾಸ. ರಂಜಾನ್‌ನಲ್ಲಿ ಕುರ್‌ಆನ್ ಎರಡು ಖತಮ್ (ಮೊದಲಿಂದ ಕೊನೆವರೆಗೆ ಓದುವುದು), ರಾತ್ರಿಯ ತರಾವೀಹ್ ನಮಾಜ್ ಒಂದೂ ತಪ್ಪಿಸಬಾರದು, ಕೊನೆಯ ಹತ್ತು ದಿನ ರಾತ್ರಿ ಎದ್ದು ತಹಜ್ಜುದ್ ನಮಾಜ್, ದಿನಕ್ಕೊಂದು ಹೊಸ ದುವಾ (ಪ್ರಾರ್ಥನೆ). ಇನ್ನೇನು ಸೇರಿಸಬೇಕು ತಿಳಿಸಿ. ಮನೆಯಲ್ಲಿ ಸ್ವಲ್ಪ ನೆಮ್ಮದಿ ಇಲ್ಲ. ಅಪ್ಪ ಬಿಟ್ಟುಹೋದ ಅಂಗಡಿ ಪಾಲಿನ ವಿಷಯದಲ್ಲಿ ಅಣ್ಣನ ಜೊತೆ ಎರಡು ವರ್ಷದಿಂದ ಮಾತಿಲ್ಲ. ಅದು ಬೇರೆ ವಿಷಯ ಬಿಡಿ.
(ಹೆಸರು ಬೇಡ ಅಂದ ಓದುಗರು, ಮಂಡ್ಯ)

ಸಂಪಾದಕರ ಉತ್ತರ: ವ ಅಲೈಕುಮ್ ಸಲಾಂ. ಚಾರ್ಟ್ ನೋಡಿದೆ. ಸ್ಕೇಲ್ ಇಟ್ಟು ಗೆರೆ ಎಳೆದಿದ್ದೀರಿ, ಮೂವತ್ತು ಸಾಲು, ಆರು ಕಾಲಂ, ಟಿಕ್ ಹಾಕೋಕೆ ಪುಟ್ಟ ಪುಟ್ಟ ಚೌಕ. ನಮ್ಮ ಪತ್ರಿಕೆಯ ಲೆಕ್ಕದ ಪುಸ್ತಕ ಇದರ ಅರ್ಧದಷ್ಟು ಚೆನ್ನಾಗಿದ್ದಿದ್ದರೂ ನಾನು ಇಷ್ಟೊತ್ತಿಗೆ ಸ್ವಂತ ಕಟ್ಟಡದಲ್ಲಿ ಕೂತಿರುತ್ತಿದ್ದೆ. ಚಾರ್ಟ್ ತಪ್ಪಲ್ಲ, ಮಾಡಿ. ರಂಜಾನ್ ಬಿಟ್ಟರೆ ಪ್ರವಾದಿಯವರು ಅತಿ ಹೆಚ್ಚು ಉಪವಾಸ ಇರುತ್ತಿದ್ದದ್ದು ಶಾಬಾನ್‌ನಲ್ಲೇ ಅಂತ ಅವರ ಪತ್ನಿ ಆಯಿಷಾ ಅವರೇ ಹೇಳಿದ್ದಾರೆ. ರಂಜಾನ್‌ಗೆ ಒಂದೆರಡು ದಿನ ಇರುವಾಗ ಹೊಸದಾಗಿ ಉಪವಾಸ ಹಿಡಿಯಬೇಡಿ, ಅಷ್ಟೆ. ಮತ್ತೆ, ಮನೆಯಲ್ಲಿ ಹೆಂಡತಿಗೆ ಹೋದ ವರ್ಷದ ಬಿಟ್ಟುಹೋದ ಉಪವಾಸ ಬಾಕಿ ಇದೆಯಾ ಅಂತ ಒಂದು ಮಾತು ಕೇಳಿ. ಆಯಿಷಾ ಅವರಿಗೂ ಆ ಬಾಕಿ ತೀರಿಸೋಕೆ ಶಾಬಾನ್‌ವರೆಗೆ ಬಿಡುವು ಸಿಗುತ್ತಿರಲಿಲ್ಲವಂತೆ. ಆ ದಿನಗಳಲ್ಲಾದರೂ ಅಡುಗೆಮನೆ ಕಡೆ ಸ್ವಲ್ಪ ಹೋಗಿ.

ಚಾರ್ಟಿನ ಮಾತು ಮುಗೀತು. ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ಕೊನೆ ಸಾಲು.

ಶಾಬಾನ್‌ಗೆ ನೀವು ಸೋಮವಾರ ಮತ್ತು ಗುರುವಾರ ಆರಿಸಿಕೊಂಡಿದ್ದೀರಿ ಅಲ್ವಾ? ಆ ಎರಡು ದಿನಗಳ ಬಗ್ಗೆ ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆ. ಸೋಮವಾರ, ಗುರುವಾರ ಸ್ವರ್ಗದ ಬಾಗಿಲು ತೆರೆಯುತ್ತವೆ, ಅಲ್ಲಾಹನಿಗೆ ಯಾರನ್ನೂ ಜೊತೆ ಸೇರಿಸದ ಪ್ರತಿಯೊಬ್ಬನಿಗೂ ಕ್ಷಮೆ ಸಿಗುತ್ತದೆ. ಒಬ್ಬನಿಗೆ ಮಾತ್ರ ಇಲ್ಲ. ತನ್ನ ಸಹೋದರನ ಜೊತೆ ದ್ವೇಷ ಇಟ್ಟುಕೊಂಡವನಿಗೆ. ಇವರಿಬ್ಬರದ್ದು ಹಾಗೇ ಇರಲಿ, ರಾಜಿಯಾಗುವವರೆಗೆ ಕಾಯಿರಿ ಅಂತ ಹೇಳಲಾಗುತ್ತದಂತೆ. ಅಂದರೆ ನೀವು ಹುಡುಕಿ ಹುಡುಕಿ ನಿಮ್ಮ ಫೈಲ್ ಪೆಂಡಿಂಗ್ ಇಡುವ ದಿನವನ್ನೇ ಆರಿಸಿಕೊಂಡಿದ್ದೀರಿ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇಂಥ ಪತ್ರ ನಿಮ್ಮದೊಂದೇ ಅಲ್ಲ. ಪ್ರತಿ ವರ್ಷ ಶಾಬಾನ್ ಬಂತು ಅಂದರೆ ನನ್ನ ಮೇಜಿನ ಮೇಲೆ ಹತ್ತಾರು ಕಾಗದ. ಯಾವ ದುವಾ, ಎಷ್ಟು ಸಲ, ಯಾವ ಹೊತ್ತಿಗೆ. ಇಪ್ಪತ್ತು ವರ್ಷದಲ್ಲಿ ಒಬ್ಬರಾದರೂ, ಸಂಪಾದಕರೇ, ನಾನು ಒಬ್ಬನಿಗೆ ನಾಲ್ಕು ಸಾವಿರ ಕೊಡಬೇಕು, ಅವನ ಮುಖ ನೋಡೋಕೆ ನಾಚಿಕೆ, ಹೇಗೆ ಹೋಗಲಿ ಅಂತ ಕೇಳಿಲ್ಲ. ಅಲ್ಲಾಹನ ಬಾಕಿ ಬಗ್ಗೆ ಎಲ್ಲರಿಗೂ ಚಿಂತೆ. ಜನರ ಬಾಕಿ ಬೇರೆ ವಿಷಯ.

ನಾನೇನು ದೊಡ್ಡ ಸಾಚಾ ಅಲ್ಲ. ಹದಿನೈದು ವರ್ಷದ ಹಿಂದಿನ ಮಾತು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಒಬ್ಬರು ನಮ್ಮ ಪತ್ರಿಕೆಗೆ ಬೈಂಡಿಂಗ್ ಮಾಡಿಕೊಡುತ್ತಿದ್ದರು. ಚಿಕ್ಕ ಕೋಣೆ, ಒಳಗೆ ಹೋದರೆ ಮೈದಾ ಅಂಟಿನ ಹುಳಿ ವಾಸನೆ. ಹುಳ ಹಿಡಿಯಬಾರದು ಅಂತ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು, ಅದಕ್ಕೇ ಅವರ ಉಗುರಿನ ಅಂಚು ಯಾವಾಗಲೂ ನೀಲಿ. ಅವರಿಗೆ ನಾನು ಎಂಟು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ 'ಜಾಹೀರಾತಿನ ಹಣ ಬರಲಿ' ಅಂತಿದ್ದೆ. ಆ ವರ್ಷ ಶಾಬಾನ್‌ನಲ್ಲಿ ನನಗೂ ನಿಮ್ಮ ಹಾಗೆ ಹುಮ್ಮಸ್ಸು ಬಂತು. ಸಾವಿರದ ಎಂಟುನೂರು ರೂಪಾಯಿ ಲಕೋಟೆಯಲ್ಲಿ ಹಾಕಿಕೊಂಡು ಹೋದೆ. 'ಭಾಯ್, ತಡ ಆಯ್ತು, ಮಾಫ್ ಮಾಡಿ' ಅಂದೆ. ಅವರು ಏನೂ ಮಾತಾಡದೆ ಹಲಗೆ ಮೇಲಿಂದ ಉದ್ರಿ ಪುಸ್ತಕ ತೆಗೆದರು. ಕೆಂಪು ಬಟ್ಟೆಯ ಉದ್ದನೆ ಪುಸ್ತಕ, ಅದನ್ನೂ ಅವರೇ ಹೊಲಿದದ್ದು. ನೀಲಿ ಬೆರಳನ್ನು ಸಾಲಿನ ಮೇಲೆ ಎಳೆಯುತ್ತಾ ಬಂದು ಕೆಳಗೆ ನಿಲ್ಲಿಸಿದರು. 2,350.

ಆಗ ನಾನೇನು ಮಾಡಿದೆ ಗೊತ್ತಾ? ವಾದಕ್ಕೆ ನಿಂತೆ. ಯುಗಾದಿ ಸಂಚಿಕೆಯ ಪ್ರತಿ ಕಡಿಮೆ ಇತ್ತಲ್ಲ, ಅದಕ್ಕೆ ಅಷ್ಟು ಹೇಗಾಗುತ್ತದೆ ಅಂತ. ಮಾಫಿ ಕೇಳೋಕೆ ಹೋದವನು ಚೌಕಾಸಿ ಮಾಡಿ ಬಂದೆ, ತಮ್ಮಾ. ಕೊನೆಗೆ ಅವರೇ ನೂರು ರೂಪಾಯಿ ಬಿಟ್ಟರು. ಆ ನೂರು ರೂಪಾಯಿ ಇವತ್ತಿಗೂ ಚುಚ್ಚುತ್ತದೆ.

ಪ್ರವಾದಿಯವರು ಒಮ್ಮೆ ಸಹಾಬಿಗಳನ್ನು, ಅಂದರೆ ತಮ್ಮ ಸಂಗಡಿಗರನ್ನು, ಕೇಳಿದ್ದರು, ದಿವಾಳಿಯಾದವನು ಯಾರು ಗೊತ್ತಾ ಅಂತ. ದುಡ್ಡು, ಸಾಮಾನು ಇಲ್ಲದವನು ಅಂದರು ಇವರು. ಅಲ್ಲ ಅಂದರು ಪ್ರವಾದಿಯವರು. ಒಬ್ಬ ನಮಾಜ್, ಉಪವಾಸ, ಝಕಾತ್ ದಾನ ಎಲ್ಲ ಹೊತ್ತುಕೊಂಡೇ ಬರುತ್ತಾನೆ, ಆದರೆ ಯಾರನ್ನೋ ಬೈದಿರುತ್ತಾನೆ, ಯಾರ ಮೇಲೋ ಸುಳ್ಳು ಆರೋಪ ಹೊರಿಸಿರುತ್ತಾನೆ, ಯಾರದ್ದೋ ದುಡ್ಡು ತಿಂದಿರುತ್ತಾನೆ, ಯಾರಿಗೋ ಹೊಡೆದಿರುತ್ತಾನೆ. ಅವನ ಪುಣ್ಯವನ್ನೆಲ್ಲ ತೆಗೆದು ಅವರಿಗೆ ಹಂಚುತ್ತಾರೆ. ಅದು ಮುಗಿದ ಮೇಲೂ ಬಾಕಿ ಉಳಿದರೆ ಅವರ ಪಾಪ ತಂದು ಇವನ ತಲೆಗೆ ಕಟ್ಟುತ್ತಾರೆ. ಇದೂ ಸಹೀಹ್ ಮುಸ್ಲಿಮ್‌ನದೇ. ಗಮನಿಸಿ, ಅವನ ಉಪವಾಸ ಖೋಟಾ ಅಂತ ಇಲ್ಲಿ ಹೇಳಿಲ್ಲ. ಉಪವಾಸ ಅಸಲಿಯೇ. ಸಾಲಕ್ಕೆ ಜಪ್ತಿ ಆಯ್ತು, ಅಷ್ಟೆ. ನಿಮ್ಮ ಎರಡು ಖತಮ್, ಹತ್ತು ತಹಜ್ಜುದ್ ಎಲ್ಲ ನೇರವಾಗಿ ಅಣ್ಣನ ಖಾತೆಗೆ ಜಮಾ ಆದರೆ?

ನೀವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಣ್ಣನದೇ ತಪ್ಪಿರಬಹುದು, ದೊಡ್ಡವರು ಅನ್ನೋ ಒಂದೇ ಕಾರಣಕ್ಕೆ ಗಲ್ಲಾ ಪೆಟ್ಟಿಗೆ ಮೇಲೆ ಕೂತುಬಿಡುವ ಅಣ್ಣಂದಿರನ್ನು ಮಂಡ್ಯದಲ್ಲೂ ನೋಡಿದ್ದೇನೆ ಮೈಸೂರಲ್ಲೂ ನೋಡಿದ್ದೇನೆ. ಪಾಲಿನ ಜಗಳ ಪಾಲಿನ ಜಾಗದಲ್ಲಿ ನಡೆಯಲಿ. ಬೇಕಾದರೆ ಜಮಾತಿನ ಹಿರಿಯರ ಮುಂದೆ, ಬೇಕಾದರೆ ಕೋರ್ಟಿನಲ್ಲಿ. ಮಾತು ಯಾಕೆ ಬಿಡಬೇಕು? ಮೂರು ದಿನಕ್ಕಿಂತ ಜಾಸ್ತಿ ಮಾತು ಬಿಡುವ ಹಾಗಿಲ್ಲ, ಇಬ್ಬರಲ್ಲಿ ಮೊದಲು ಸಲಾಂ ಹೇಳುವವನೇ ಮೇಲು ಅಂತ ಪ್ರವಾದಿಯವರ ಮಾತು. ಮೂರು ದಿನ. ನಿಮ್ಮದು ಎರಡು ವರ್ಷ.

ಮೊದಲು ಇಬಾದತ್ (ಆರಾಧನೆ) ಮಾಡಿ, ಮನಸ್ಸು ಮೆತ್ತಗಾದ ಮೇಲೆ ಇದೆಲ್ಲ ತಾನಾಗೇ ಆಗುತ್ತದೆ ಅನ್ನುವವರಿದ್ದಾರೆ. ಕೆಲವರಿಗೆ ಆಗಿರಬಹುದು, ಸಂತೋಷ. ನಾನು ನೋಡಿದ್ದರಲ್ಲಿ ಜಾಸ್ತಿ ಜನರಿಗೆ ನಮಾಜಿನ ಸಫ್ (ಸಾಲು) ಮುಂದೆ ಮುಂದೆ ಬಂದ ಹಾಗೆ ಮೂಗು ಮೇಲೆ ಮೇಲೆ ಹೋಗಿದೆ.

ಇನ್ನೊಂದು ರೋಗ ಇದೆ. ಶಾಬಾನ್ ನಡುವೆ ಬರುವ ಶಬೆ ಬರಾತ್, ಕ್ಷಮೆ ಬೇಡುವ ರಾತ್ರಿ, ವಾಟ್ಸಾಪ್ ನೋಡಿದ್ದೀರಾ? 'ನನ್ನಿಂದ ತಿಳಿದೋ ತಿಳಿಯದೆಯೋ ನೋವಾಗಿದ್ದರೆ ಕ್ಷಮಿಸಿ', ಕೆಳಗೆ ಗುಲಾಬಿ ಹೂವಿನ ಚಿತ್ರ. ಒಂದೇ ಒತ್ತಿಗೆ ಇನ್ನೂರು ಜನಕ್ಕೆ. ನನಗೆ ಕಳೆದ ಸಲ ಅದು ಯಾರಿಂದ ಬಂತು ಗೊತ್ತಾ? ಎರಡು ವರ್ಷದ ಜಾಹೀರಾತಿನ ಬಾಕಿ ಇಟ್ಟುಕೊಂಡಿರುವ ಒಬ್ಬ ಪುಣ್ಯಾತ್ಮರಿಂದ. ನಾನು ಮೊತ್ತ ಬರೆದು ವಾಪಸ್ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ತೌಬಾಕ್ಕೆ, ಅಂದರೆ ಪಾಪ ಬಿಟ್ಟು ಅಲ್ಲಾಹನ ಕಡೆ ತಿರುಗುವುದಕ್ಕೆ, ಹಿಂದಿನ ಕಾಲದ ವಿದ್ವಾಂಸ ಇಮಾಮ್ ನವವಿಯವರು ಹೇಳಿದ ಷರತ್ತು ಮೂರು: ಪಾಪ ಬಿಡಬೇಕು, ಪಶ್ಚಾತ್ತಾಪ ಪಡಬೇಕು, ಮತ್ತೆ ಮಾಡುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಬೇಕು. ವಿಷಯ ಇನ್ನೊಬ್ಬ ಮನುಷ್ಯನದಾದರೆ ನಾಲ್ಕನೆಯದೂ ಇದೆ, ಅವನದನ್ನು ಅವನಿಗೆ ಮುಟ್ಟಿಸಬೇಕು. ಗುಲಾಬಿ ಹೂವು ನಾಲ್ಕರಲ್ಲಿ ಯಾವುದೂ ಅಲ್ಲ.

ಪಾಲಿನ ಮಾತು ಬಂತಲ್ಲ, ಒಂದು ಕೇಳಲಾ? ನಿಮಗೆ ಅಕ್ಕತಂಗಿಯರಿದ್ದಾರಾ? ಪತ್ರದಲ್ಲಿ ಅಣ್ಣ ಇದ್ದಾನೆ, ಅಪ್ಪ ಇದ್ದಾರೆ, ಅಂಗಡಿ ಇದೆ. ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ. ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 11ನೇ ವಚನ ತೆಗೆದು ನೋಡಿ, ಗಂಡಿನ ಪಾಲಿನ ಅರ್ಧ ಹೆಣ್ಣಿಗೆ ಅಂತ ಬರೆದಿದೆ. ಇದು ಉಪದೇಶ ಅಲ್ಲ, ಆಜ್ಞೆ. ಒಂದೆರಡು ವಚನ ದಾಟಿದರೆ ಈ ಮೇರೆ ಮೀರಿದವನಿಗೆ ಬೆಂಕಿ ಅಂತಲೂ ಇದೆ. ನಮ್ಮ ಊರುಗಳಲ್ಲಿ ಏನಾಗುತ್ತದೆ? ತಂಗಿ 'ನನಗೇನೂ ಬೇಡ ಅಣ್ಣಾ' ಅನ್ನುತ್ತಾಳೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತು ಅನ್ನೋ ಭಯ ಅವಳಿಗೆ. ಅಣ್ಣಂದಿರು ಅದನ್ನು ರಜಾಮಂದಿ (ಒಪ್ಪಿಗೆ) ಅಂತ ಜೇಬಿಗೆ ಹಾಕಿಕೊಂಡು ಹಬ್ಬಕ್ಕೊಂದು ಸೀರೆ ಕೊಡಿಸಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಅದೇ ದುಡ್ಡಲ್ಲಿ ರಂಜಾನ್ ಉಮ್ರಾ, ಮಕ್ಕಾ ಯಾತ್ರೆ. ರಂಜಾನ್‌ನ ಉಮ್ರಾ ಹಜ್‌ಗೆ ಸಮ, ನಿಜ, ಹದೀಸ್ ಇದೆ. ಆದರೆ ತಂಗಿಯ ದುಡ್ಡಲ್ಲಿ ಹೋಗಿ ಅಂತ ಯಾವ ಹದೀಸ್‌ನಲ್ಲಿದೆ?

ಮೈಸೂರಿನ ರಾಜೀವ್ ನಗರದ ಕಡೆ ಒಂದು ಸುತ್ತು ಬನ್ನಿ, ಚಂದ್ರ ಕಾಣುವ ಮೊದಲೇ ಫ್ಲೆಕ್ಸ್ ಕಾಣುತ್ತದೆ. ಕೈ ಮುಗಿದವರು, ಕೈ ಎತ್ತಿದವರು, ಎಲ್ಲರೂ ರಂಜಾನ್ ಶುಭಾಶಯ ಕೋರುವವರೇ. ಆ ಫ್ಲೆಕ್ಸ್ ಕಟ್ಟಿದ ಹುಡುಗನಿಗೆ ಕೂಲಿ ಸಿಕ್ಕಿತಾ ಅಂತ ಯಾರೂ ಕೇಳುವುದಿಲ್ಲ. ಬೀಡಿ ಸುತ್ತುವ ಹೆಂಗಸರಿಗೆ ಎಲೆ ಸರಿಯಿಲ್ಲ ಅಂತ ಕಟ್ಟು ಕಟ್ಟೇ ತೆಗೆದುಹಾಕಿ ದುಡ್ಡು ಹಿಡಿಯುವ ಏಜೆಂಟ್ ರಂಜಾನ್‌ನ ಇಪ್ಪತ್ತೇಳನೇ ರಾತ್ರಿ ಅಕ್ಕಿ ಮೂಟೆ ಹಂಚಿ ಫೋಟೋ ತೆಗೆಸಿಕೊಳ್ಳುತ್ತಾನೆ. ಹಿಡಿದ ದುಡ್ಡು ಬಿಟ್ಟುಕೊಟ್ಟಿದ್ದರೆ ಆ ಹೆಂಗಸರು ಅಕ್ಕಿ ತಾವೇ ತಂದುಕೊಳ್ಳುತ್ತಿದ್ದರು. ಬುಖಾರಿ ಹದೀಸ್ ಸಂಗ್ರಹದಲ್ಲಿ ಬರುತ್ತದೆ, ಮೂರು ದೀನಾರ್ ಸಾಲ ಉಳಿಸಿ ಸತ್ತ ಒಬ್ಬರ ಶವದ ಮುಂದಿನ ಜನಾಜಾ ನಮಾಜ್‌ಗೆ ಪ್ರವಾದಿಯವರು ನಿಲ್ಲಲಿಲ್ಲ, ನೀವೇ ಮಾಡಿ ಅಂದರು. ಅಬೂ ಖತಾದಾ ಎಂಬ ಸಹಾಬಿ ಆ ಸಾಲ ನನ್ನ ಮೇಲಿರಲಿ ಅಂದ ಮೇಲೆಯೇ ನಿಂತದ್ದು. ಮೂರೇ ದೀನಾರ್!

ಇರಲಿ, ಎಲ್ಲೆಲ್ಲಿಗೋ ಹೋದೆ. ನೀವು ಕೇಳಿದ್ದು ಚಾರ್ಟಿಗೆ ಏನು ಸೇರಿಸಬೇಕು ಅಂತ. ಏನೂ ಬೇಡ, ಒಂದು ಖತಮ್ ತೆಗೆದುಬಿಡಿ. ಒಂದನ್ನೇ ನಿಧಾನವಾಗಿ, ಕನ್ನಡದ ಅರ್ಥ ಪಕ್ಕದಲ್ಲಿಟ್ಟುಕೊಂಡು ಓದಿ. ನಿಮ್ಮ ಜೆರಾಕ್ಸನ್ನು ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ಈ ಬರುವ ಗುರುವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ 'ಅಣ್ಣನ ಮನೆ, ಸಂಜೆ ಮಗ್ರಿಬ್ ನಮಾಜ್ ಆದ ಮೇಲೆ' ಅಂತ ಬರೆದಿದ್ದೇನೆ. ಖರ್ಜೂರ ತಗೊಂಡು ಹೋಗಿ. ಅಂಗಡಿ ಮಾತು ಅವತ್ತು ಎತ್ತಬೇಡಿ. ಬಾಗಿಲು ತೆಗೆಯದಿದ್ದರೆ ಹೊರಗಿಂದಲೇ ಸಲಾಂ ಹೇಳಿ ಬನ್ನಿ, ಮುಂದಿನ ಗುರುವಾರದ ಚೌಕವೂ ಖಾಲಿ ಇದೆ.

ಬರೆಯುತ್ತಾ ನೆನಪಾಯಿತು, ಹೋದ ಎರಡು ಸಂಚಿಕೆಯ ಬೈಂಡಿಂಗ್ ದುಡ್ಡು ಇನ್ನೂ ಕೊಟ್ಟಿಲ್ಲ. ಈಗ ಅವರ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯದು. ನಾಳೆ ಬೆಳಿಗ್ಗೆ ಹೋಗುತ್ತೇನೆ. ನೂರು ರೂಪಾಯಿ ಜಾಸ್ತಿ ಇಟ್ಟುಕೊಂಡು.