ಲಾಗಿನ್ ಇದ್ದರೂ ಪರರ ರಶೀದಿ ಕಾಣುವುದೇಕೆ?

ಪ್ರಶ್ನೆ: ಶಾಲೆಯೊಂದರ ಶುಲ್ಕ ಪಾವತಿ ತಾಣವನ್ನು ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಇದೆ, ಒಟಿಪಿಯೂ ಇದೆ. ಆದರೂ ರಶೀದಿ ಪುಟದ ವಿಳಾಸದಲ್ಲಿ ಕೊನೆಯ 4182ನ್ನು 4183 ಮಾಡಿದರೆ ಬೇರೆ ಮಗುವಿನ ರಶೀದಿ ತೆರೆದುಕೊಳ್ಳುತ್ತದೆ. ಊಹಿಸಲಾಗದ ಉದ್ದನೆಯ ಸಂಖ್ಯೆ ಹಾಕಿದರೆ ಸಾಕೆ?

ಉತ್ತರ: ಸಾಲದು. ಒಟಿಪಿಯಿಂದ ಬಂದವರು ಯಾರೆಂದು ಗೊತ್ತಾಗುತ್ತದೆ, ಅಷ್ಟೇ. ಈ ರಶೀದಿ ನೋಡುವ ಹಕ್ಕು ಅವರಿಗಿದೆಯೇ ಎಂದು ನಿಮ್ಮ ಸರ್ವರ್ ಕೇಳುತ್ತಲೇ ಇಲ್ಲ. ವಿಳಾಸದ ಸಂಖ್ಯೆ ಬದಲಿಸಿದರೆ ಪರರ ದಾಖಲೆ ತೆರೆಯುವ ಈ ದೋಷಕ್ಕೆ ಐಡಾರ್ (IDOR) ಎನ್ನುತ್ತಾರೆ. ಇದು ಸೇರುವ ಪ್ರವೇಶ ನಿಯಂತ್ರಣ ದೋಷಗಳ ವರ್ಗ, ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ (OWASP) ಮಾಡುವ ಪ್ರಮುಖ ಅಪಾಯಗಳ ಪಟ್ಟಿಯಲ್ಲಿ 2017ರಲ್ಲಿ 5ನೆಯದಾಗಿತ್ತು, 2021ರಲ್ಲಿ ಮೊದಲಿಗೆ ಬಂತು. ಅಮೆರಿಕದ ಆಸ್ತಿ ಹಕ್ಕುಪತ್ರ ವಿಮೆಯ ಕಂಪನಿ ಫಸ್ಟ್ ಅಮೆರಿಕನ್‌ನ ಸುಮಾರು 88.5 ಕೋಟಿ ದಾಖಲೆಗಳು ಹೀಗೆಯೇ ಬಯಲಿಗೆ ಬಿದ್ದಿದ್ದು 2019ರಲ್ಲಿ ಗೊತ್ತಾಯಿತು. ಅಲ್ಲಂತೂ ಲಾಗಿನ್ ಕೂಡ ಬೇಕಿರಲಿಲ್ಲ.

ಉದ್ದನೆಯ ಸಂಖ್ಯೆ ಊಹೆಯನ್ನು ತಡೆಯುತ್ತದೆ, ನಿಜ. ಆದರೆ ಲಿಂಕ್ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆಗುತ್ತದೆ, ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಸಿಕ್ಕವರಿಗೆಲ್ಲ ರಶೀದಿ ತೆರೆಯುತ್ತದೆ.

ಡೇಟಾಬೇಸ್‌ಗೆ ಹೋಗುವ ಕ್ವೆರಿಯಲ್ಲಿಯೇ (ಮಾಹಿತಿ ಕೇಳುವ ಆದೇಶದಲ್ಲಿಯೇ) ಎರಡು ಷರತ್ತಿರಲಿ: ರಶೀದಿ ಸಂಖ್ಯೆ ಇದು, ಮತ್ತು ಆ ವಿದ್ಯಾರ್ಥಿ ಈ ಪೋಷಕರ ಹೆಸರಿಗೆ ಸೇರಿದ್ದು. ಪೋಷಕರ ಐಡಿಯನ್ನು ಸೆಷನ್‌ನಿಂದ, ಅಂದರೆ ಲಾಗಿನ್ ಆದಾಗ ಸರ್ವರ್ ತಾನೇ ಇಟ್ಟುಕೊಂಡ ಗುರುತಿನಿಂದ, ತೆಗೆದುಕೊಳ್ಳಿ. ಬ್ರೌಸರ್ ಕಳಿಸಿದ ಐಡಿ ನಂಬಿದರೆ ಮತ್ತೆ ಅದೇ ಕಥೆ. ತಂದೆತಾಯಿಗೆ ಬೇರೆ ಬೇರೆ ಖಾತೆ, ಒಂದೇ ಮನೆಯ ಇಬ್ಬರು ಮಕ್ಕಳು ಇವೆಲ್ಲ ಇರುತ್ತವಾದ್ದರಿಂದ ಪೋಷಕ–ವಿದ್ಯಾರ್ಥಿ ನಂಟಿಗೆ ಪ್ರತ್ಯೇಕ ಟೇಬಲ್ ಇಡಿ. ಕ್ವೆರಿಗೆ ಹೊಂದುವ ಸಾಲು ಸಿಗದಿದ್ದರೆ 404 (‘ಸಿಗಲಿಲ್ಲ’ ಎಂಬ ಉತ್ತರ) ಕೊಡಿ. 403 (‘ಅನುಮತಿ ಇಲ್ಲ’) ಕೊಟ್ಟರೆ ಆ ಸಂಖ್ಯೆಯ ರಶೀದಿ ಇದೆ ಎಂದು ನೀವೇ ಹೇಳಿದಂತೆ.

ಸಾಮಾನ್ಯವಾಗಿ ಮರೆತುಹೋಗುವುದು ಪಿಡಿಎಫ್. ಪುಟಕ್ಕೆ ಕಾವಲು ಹಾಕಿ, ಫೈಲನ್ನು ಸಾರ್ವಜನಿಕ ಫೋಲ್ಡರಿನಲ್ಲಿ ಬಿಟ್ಟಿರುತ್ತಾರೆ. ಅದೂ ಅದೇ ತಪಾಸಣೆ ದಾಟಿ ಬರಲಿ. 'ಅಳಿಸು' ಬಟನ್ ಮರೆಮಾಡಿದರೆ ಸಾಲದು, ಅದರ ಹಿಂದಿನ ವಿನಂತಿಯನ್ನೂ ಸರ್ವರ್ ತಡೆಯಬೇಕು. ಪ್ರೊಫೈಲ್ ತಿದ್ದುವ ಫಾರ್ಮಿನ ಜೊತೆ ಯಾರಾದರೂ ಪಾತ್ರ 'ಅಡ್ಮಿನ್' ಎಂದು ಸೇರಿಸಿ ಕಳಿಸಿದರೆ ಅದೂ ಉಳಿಯಬಾರದು. ಹೆಸರು, ಫೋನ್‌ನಂಥ ಅನುಮತಿಸಿದ ಕಾಲಂಗಳನ್ನಷ್ಟೇ ಬರೆಯಿರಿ.

ಪರೀಕ್ಷೆಗೆ ಎರಡು ಪೋಷಕ ಖಾತೆ ತೆರೆಯಿರಿ. ಮೊದಲನೆಯದರಲ್ಲಿ ರಶೀದಿ ತೆರೆದು, ಬ್ರೌಸರಿನ ನೆಟ್‌ವರ್ಕ್ ಟ್ಯಾಬಿನಿಂದ ವಿನಂತಿಯನ್ನು ನಕಲಿಸಿ. ಲಾಗಿನ್ ಗುರುತನ್ನು ಹೊತ್ತ ಕುಕಿಯನ್ನು ಎರಡನೆಯ ಖಾತೆಯದಕ್ಕೆ ಬದಲಿಸಿ ಕಳಿಸಿ, ಆಮೇಲೆ ಕುಕಿಯೇ ಇಲ್ಲದೆ ಕಳಿಸಿ. ಎರಡರಲ್ಲೂ ರಶೀದಿ ಬರಬಾರದು.

ಈ ಗಡಿಬಿಡಿಯಲ್ಲಿ ಸರ್ವರ್ ಲಾಗ್ (ಯಾರು ಯಾವಾಗ ಏನು ತೆರೆದರೆಂಬ ದಾಖಲೆ) ಅಳಿಸಿಬಿಡಬೇಡಿ. ಒಂದೇ ಖಾತೆಯಿಂದ 4183, 4184, 4185 ಎಂದು ಸಾಲಾಗಿ ತೆರೆದಿದ್ದರೆ ಯಾರೋ ದತ್ತಾಂಶ ಬಾಚಿಕೊಂಡಿದ್ದಾರೆ. ಹಾಗೇನಾದರೂ ಕಂಡರೆ ಆಡಳಿತ ಮಂಡಳಿಗೆ ತಕ್ಷಣವೇ ತಿಳಿಸಿ: ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ (CERT-In) 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ.