ಓದುಗರ ಪ್ರಶ್ನೆ: ಕೊಯ್ದ ಮೇಲೂ ಕುರಿ ಹೃದಯ ಯಾಕೆ ಮಿಡಿಯುತ್ತೆ?

ಪ್ರಶ್ನೆ: ನಮ್ಮನೇಲಿ ಕುರಿ ಸಾಕ್ತೀವಿ. ಹಬ್ಬಕ್ಕೆ ಕೊಯ್ದಾಗ ಹೃದಯ ತೆಗ್ದು ತಟ್ಟೇಲಿ ಇಟ್ರೂ ಸ್ವಲ್ಪ ಹೊತ್ತು ಮಿಡೀತಾನೇ ಇರ್ತೈತೆ. ಜೀವ ಇನ್ನೂ ಹೋಗಿಲ್ಲ ಅಂತಾಳೆ ನಮ್ಮಜ್ಜಿ. ತಲೇನೇ ಇಲ್ದಾಗ ಅದಕ್ಕೆ ಬಡ್ಕೋ ಅಂತ ಹೇಳೋರ್ಯಾರು?
– ಓದುಗರು, ಚಳ್ಳಕೆರೆ

ಉತ್ತರ: ಯಾರೂ ಹೇಳ್ಬೇಕಾಗಿಲ್ಲ. ಬಡ್ಕೊಳ್ಳೋ ಆರ್ಡರ್ ಮೆದುಳಿಂದ ಬರಲ್ಲ, ಹೃದಯದ ಒಳಗೇ ಹುಟ್ಟುತ್ತೆ, ಕುರಿಗೂ ಅಷ್ಟೆ ನಮಗೂ ಅಷ್ಟೆ. ಅಜ್ಜಿ ಮಾತು ಪೂರ್ತಿ ಸುಳ್ಳಲ್ಲ, ಕುರಿ ಸತ್ತಿರುತ್ತೆ ನಿಜ, ಆದ್ರೆ ಹೃದಯದ ಜೀವಕೋಶಗಳು ಇನ್ನೂ ಬದುಕಿರ್ತವೆ, ಅವುಗಳಲ್ಲಿ ಉಳಿದಿರೋ ಶಕ್ತಿ ಖರ್ಚಾಗೋವರೆಗೂ ಮಿಡಿಯುತ್ತೆ. ಮುಂದಿನ ಸಲ ಸರಿಯಾಗಿ ನೋಡಿ, ಕೆಳಗಿನ ದಪ್ಪ ಮಾಂಸದ ಭಾಗ ಮೊದ್ಲು ನಿಲ್ಲುತ್ತೆ, ಬಲಗಡೆ ಮೇಲಿರೋ ತೆಳು ಕೋಣೆ ಅದಾದ್ಮೇಲೂ ಅದುರ್ತಾ ಇರುತ್ತೆ. ಯಾಕಂದ್ರೆ ಮಿಡಿತ ಶುರುವಾಗೋ ಜಾಗ ಅದೇ.

ಅಲ್ಲಿ, ಮೇಲಿಂದ ಬರೋ ದೊಡ್ಡ ರಕ್ತನಾಳ ಸೇರೋ ಕಡೆ, ಎಸ್‌ಎ ನೋಡ್ ಅಂತ ಸಣ್ಣ ಜೀವಕೋಶಗಳ ಗುಂಪಿದೆ. 1907ರಲ್ಲಿ ಆರ್ಥರ್ ಕೀತ್, ಮಾರ್ಟಿನ್ ಫ್ಲ್ಯಾಕ್ ಅನ್ನೋ ಇಬ್ರು ಇದರ ಬಗ್ಗೆ ಬರೆದ್ರು. ಈ ಕೋಶಗಳಿಗೆ ಸುಮ್ನೆ ಕೂರೋದು ಗೊತ್ತೇ ಇಲ್ಲ. ಹೊರಗಿನ ಸೋಡಿಯಂ ಸಣ್ಣಗೆ ಒಳಗೆ ಜಿನುಗ್ತಾ ಇರುತ್ತೆ, ಒಳಗಿನ ವಿದ್ಯುತ್ ನಿಧಾನಕ್ಕೆ ಏರುತ್ತೆ, ಒಂದು ಮಟ್ಟಕ್ಕೆ ಬಂದ ತಕ್ಷಣ ಕ್ಯಾಲ್ಸಿಯಂ ನುಗ್ಗುತ್ತೆ, ಅದೇ ಒಂದು ಮಿಡಿತದ ಶುರು, ಆಮೇಲೆ ಪೊಟ್ಯಾಸಿಯಂ ಆಚೆ ಹೋಗಿ ಕೋಶ ಮೊದಲಿನ ಸ್ಥಿತಿಗೆ ಬರುತ್ತೆ, ಬಂದ ಗಳಿಗೇಲೇ ಜಿನುಗೋದು ಮತ್ತೆ ಶುರು. ಆ ಕರೆಂಟು ಮೇಲಿನ ಎರಡೂ ಕೋಣೆಗೆ ಹರಡಿ, ನಡುವೆ ಎವಿ ನೋಡ್ ಅನ್ನೋ ಕಡೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ತಡೆದು ನಿಲ್ಲುತ್ತೆ, ಅಷ್ಟರಲ್ಲಿ ಕೆಳಗಿನ ಕೋಣೆಗೆ ರಕ್ತ ತುಂಬ್ಕೊಳ್ಳುತ್ತೆ. ಈ ತಡೆ ಇಲ್ದಿದ್ರೆ ನಾಲ್ಕೂ ಕೋಣೆ ಒಟ್ಟಿಗೆ ಹಿಂಡ್ಕೊಂಡು ರಕ್ತ ಮುಂದಕ್ಕೆ ಸರಿಯಾಗಿ ಹೋಗ್ತಾನೇ ಇರ್ಲಿಲ್ಲ. ನನಗಂತೂ ಇಡೀ ಹೃದಯದಲ್ಲಿ ಅತಿ ಅಚ್ಚರಿ ಅನ್ಸೋದು ಈ ತಡೆಯೇ.

ಕ್ಯಾಲ್ಸಿಯಂ ವಿಷಯ ಬಂತಲ್ಲ, ಅದನ್ನ ಹೇಳ್ಲೇಬೇಕು. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಅನ್ನೋ ಡಾಕ್ಟ್ರು ಕಪ್ಪೆ ಹೃದಯನ ಉಪ್ಪುನೀರಲ್ಲಿಟ್ಟು ನೋಡ್ತಿದ್ರು, ನಲ್ಲಿ ನೀರಲ್ಲಿ ಮಾಡಿದ ಉಪ್ಪುನೀರಾದ್ರೆ ಚೆನ್ನಾಗಿ ಮಿಡೀತಿತ್ತು, ಡಿಸ್ಟಿಲ್ಡ್ ವಾಟರಲ್ಲಿ ಮಾಡಿದ್ದಾದ್ರೆ ಬೇಗ ಸೋತು ನಿಲ್ತಿತ್ತು. ಲಂಡನ್ ನಲ್ಲಿ ನೀರೂ ನಮ್ಮ ಚಿತ್ರದುರ್ಗ ಕಡೆ ಬೋರ್ ನೀರಿನ ಹಾಗೆ ಗಡಸು, ಅದರಲ್ಲಿದ್ದ ಕ್ಯಾಲ್ಸಿಯಮ್ಮೇ ಕಪ್ಪೆ ಹೃದಯನ ನಡೆಸ್ತಿತ್ತು. ಆಸ್ಪತ್ರೇಲಿ ಸುಸ್ತಾದೋರಿಗೆ ಏರಿಸ್ತಾರಲ್ಲ ಆರ್‌ಎಲ್ ಬಾಟ್ಲಿ, ಅದರಲ್ಲಿರೋ ಆರ್ ಅಂದ್ರೆ ಇದೇ ರಿಂಗರ್.

ಪ್ರಶ್ನೆ: ಹೃದಯ ತನ್ನಷ್ಟಕ್ಕೇ ಬಡ್ಕೊಳ್ತತಿ ಅಂದ್ರೆ ಓಡಿದಾಗ, ಹೆದ್ರಿಕೆ ಆದಾಗ ಜೋರಾಗೋದು ಹೆಂಗ್ರಿ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮ. ಗಾಡಿ ಎಳೆಯೋದು ಎತ್ತು, ಹೊಡೆಯೋನು ಹಗ್ಗ ಹಿಡಿದಿರ್ತಾನೆ, ಮೆದುಳಿನ ಕೆಲ್ಸನೂ ಅಷ್ಟೇ. ಎಸ್‌ಎ ನೋಡನ್ನ ಅದರ ಪಾಡಿಗೆ ಬಿಟ್ರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತೆ, ಆದ್ರೆ ಸುಮ್ನೆ ಕೂತಾಗ ನಮ್ಮ ನಾಡಿ 70ರ ಆಸುಪಾಸು ಇರುತ್ತಲ್ಲ, ಅದು ಮೆದುಳಿಂದ ಹೃದಯಕ್ಕೆ ಬರೋ ವೇಗಸ್ ಅನ್ನೋ ನರ ಹಗಲೂ ರಾತ್ರಿ ಹಿಡಿದು ನಿಲ್ಲಿಸಿರೋದಕ್ಕೆ. ಓಡೋಕೆ ಶುರು ಮಾಡಿದ್ರೆ ಮೊದ್ಲು ಈ ವೇಗಸ್ ಸಡಿಲ ಬಿಡುತ್ತೆ, ಆಮೇಲೆ ಇನ್ನೊಂದು ಗುಂಪಿನ ನರಗಳು, ಅಡ್ರಿನಲಿನ್ ಅನ್ನೋ ಹಾರ್ಮೋನ್ ಎಲ್ಲ ಸೇರಿ ಜೋರು ಮಾಡ್ತವೆ. ಹೃದಯ ಕಸಿ ಮಾಡಿಸ್ಕೊಂಡೋರಲ್ಲಿ ನರ ಕತ್ತರಿಸಿ ಹೋಗಿರುತ್ತೆ, ಅವರ ನಾಡಿ ಕೂತಾಗಲೂ ಹೆಚ್ಚೇ ಇರುತ್ತೆ, ಓಡಿದ್ರೆ ನಿಧಾನಕ್ಕೆ ಏರುತ್ತೆ.

ವೇಗಸ್ ಹೆಂಗೆ ಹಿಡಿಯುತ್ತೆ ಅಂತ ತೋರಿಸಿದ್ದೂ ಕಪ್ಪೆಯಿಂದಲೇ. 1921ರಲ್ಲಿ ಆಟೋ ಲೋವಿ ಅನ್ನೋ ವಿಜ್ಞಾನಿ ಒಂದು ಕಪ್ಪೆ ಹೃದಯದ ವೇಗಸ್‌ಗೆ ಕರೆಂಟ್ ಕೊಟ್ಟು ಮಿಡಿತ ನಿಧಾನ ಮಾಡಿ, ಆ ಹೃದಯದಲ್ಲಿದ್ದ ದ್ರವನ ಇನ್ನೊಂದು ಹೃದಯಕ್ಕೆ ಹಾಕಿದ್ರು, ಯಾವ ನರನೂ ಮುಟ್ಟದೇ ಅದೂ ನಿಧಾನ ಆಯ್ತು. ಅಂದ್ರೆ ನರ ಒಂದು ರಾಸಾಯನಿಕ ಬಿಡುತ್ತೆ, ಅಸಿಟೈಲ್‌ಕೋಲಿನ್ ಅಂತ. 1936ರಲ್ಲಿ ಲೋವಿಗೆ ನೊಬೆಲ್ ಬಂತು, ಹೆನ್ರಿ ಡೇಲ್ ಅನ್ನೋ ಇನ್ನೊಬ್ಬ ವಿಜ್ಞಾನಿ ಜೊತೆ.

ಈಗ್ಲೇ ಮಣಿಕಟ್ಟಲ್ಲಿ ನಾಡಿ ಹಿಡ್ಕೊಂಡು ನಿಧಾನಕ್ಕೆ ದೀರ್ಘವಾಗಿ ಉಸಿರಾಡಿ ನೋಡಮ್ಮ. ಉಸಿರು ಎಳ್ಕೊಳ್ಳುವಾಗ ನಾಡಿ ಚೂರು ಬೇಗ, ಬಿಡುವಾಗ ಚೂರು ನಿಧಾನ, ಇದೂ ವೇಗಸ್ ಕೆಲ್ಸನೇ. ಹೆದರಬೇಡ, ಕಾಯಿಲೆ ಅಲ್ಲ, ನಿನ್ನ ವಯಸ್ಸಲ್ಲಿ ಚೆನ್ನಾಗೇ ಗೊತ್ತಾಗುತ್ತೆ.

ಪ್ರಶ್ನೆ: ಹೊಳೇಲಿ ಹಿಡಿಯೋ ಏಡಿಗೂ ಹಿಂಗೇನಾ?
– ಓದುಗರು, ಹರಿಹರ

ಉತ್ತರ: ಇಲ್ಲ, ಏಡಿದು ಬೇರೆ. ಅದರ ಹೃದಯದ ಮೇಲೆ 9 ನರಕೋಶಗಳ ಒಂದು ಪುಟ್ಟ ಗಂಟಿದೆ, ಅದು ಹೇಳಿದ್ರೆ ಮಾತ್ರ ಮಿಡಿತ. ಬೆನ್ನುಮೂಳೆ ಇರೋ ಮೀನು, ಕಪ್ಪೆ, ಕೋಳಿ, ನಾವು, ಎಲ್ಲಾ ಸ್ವಂತ ಮಿಡಿತದೋರು. ವೇಗ ಮಾತ್ರ ಬೇರೆ ಬೇರೆ, ಆನೆಗೆ ನಿಮಿಷಕ್ಕೆ 30ರ ಸುತ್ತಮುತ್ತ, ಇಲಿಮರಿಯಷ್ಟು ಸಣ್ಣ ಚಿಟ್ಟಿಲಿಗೆ 500ಕ್ಕೂ ಮೇಲೆ.

ಪ್ರಶ್ನೆ: ನಮ್ಮವ್ವಗ ತಲೆ ತಿರುಗಿ ಬೀಳ್ತಿದ್ಲು, ನಾಡಿ 35 ಐತಿ ಅಂತ ಪೇಸ್‌ಮೇಕರ್ ಹಾಕ್ಯಾರ. ಮೊಬೈಲ್ ಮುಟ್ಟಬಾರ್ದು ಅಂತಾರಲ್ಲ ಮನ್ಯಾಗ?
– ಓದುಗರು, ದಾವಣಗೆರೆ

ಉತ್ತರ: ಮುಟ್ಟಬಹುದು ರೀ, ಅವ್ವನ ಹೆದರಿಸಬೇಡಿ. ಮೇಲಿನ ಕರೆಂಟು ಕೆಳಗೆ ತಲುಪದೇ ಇದ್ರೆ ಕೆಳಗಿನ ಕೋಣೆ ತಾನೇ 20ರಿಂದ 40ರ ವೇಗದಲ್ಲಿ ಬಡ್ಕೊಳ್ಳುತ್ತೆ, ಜೀವ ಉಳಿಸುತ್ತೆ, ಆದ್ರೆ ಮೆದುಳಿಗೆ ರಕ್ತ ಸಾಲಲ್ಲ, ತಲೆ ತಿರುಗೋದು ಅದಕ್ಕೇ. ಪೇಸ್‌ಮೇಕರ್ ಅಂದ್ರೆ ಎದೆ ಚರ್ಮದ ಕೆಳಗೆ ಇಡೋ, ಹೃದಯಕ್ಕೆ ಸಣ್ಣ ಕರೆಂಟು ಕೊಡೋ ಯಂತ್ರ, ಸಾಮಾನ್ಯವಾಗಿ ಮಿಡಿತ ಕಡಿಮೆ ಆದಾಗ ಮಾತ್ರ ಕೆಲ್ಸ ಮಾಡುತ್ತೆ. ಮೊಬೈಲನ್ನ ಅದರಿಂದ ಅರ್ಧ ಅಡಿ ದೂರ ಇಟ್ಟು, ಆ ಕಡೆಯ ಕಿವಿ ಬಿಟ್ಟು ಇನ್ನೊಂದು ಕಿವಿಗೆ ಹಿಡಿದು ಮಾತಾಡಿದ್ರೆ ಸಾಕು, ಆದ್ರೆ ಎದೆ ಹತ್ರ ಕುಪ್ಪಸದೊಳಗೆ ಸಿಕ್ಕಿಸ್ಕೊಳ್ಳೋದು ಬೇಡ. ವೆಲ್ಡಿಂಗ್ ಮಾಡೋ ಕಡೆ ಹತ್ರ ನಿಲ್ಲಿಸಬೇಡಿ. ಎಮ್‌ಆರ್‌ಐ ಮಾಡಿಸೋಕೆ ಹೇಳಿದ್ರೆ ಪೇಸ್‌ಮೇಕರ್ ಇದೆ ಅಂತ ಮೊದ್ಲೇ ಹೇಳಿ, ಅದರ ಕಾರ್ಡು ಅವ್ವನ ಚೀಲದಲ್ಲೇ ಇರ್ಲಿ.